ನಮ್ಮ ಡಿಟಿಪಿ ಅಂಗಡಿ ಲಿನಕ್ಸ್‌ಗೆ ಬಂದ ಬಗೆ

ಮಂಡ್ಯದ ವಿ.ವಿ. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಹಾಲಿನ ಸೊಸೈಟಿಗಳ ವಾರ್ಷಿಕ ವರದಿ, ಇಷ್ಟೇ ನಮ್ಮ ಪ್ರಪಂಚ. ಈಗ ಒಂದು ಕಂಪ್ಯೂಟರ್ ಬಿಟ್ಟು ಉಳಿದವೆಲ್ಲ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತಿವೆ. ಕನ್ನಡ ಡಿಟಿಪಿ ಲಿನಕ್ಸ್‌ನಲ್ಲಿ ಆಗಲ್ಲ ಅನ್ನುವವರು ಇನ್ನೂ ಜಾಸ್ತಿ. ಆಗುತ್ತದೆ. ಆದರೆ ಎಲ್ಲರೂ ಶುರು ಮಾಡುವ ಕಡೆಯಿಂದ ಶುರು ಮಾಡಿದರೆ ಆಗಲ್ಲ. ಮೊದಲು ವಿಂಡೋಸ್ ಅಳಿಸಿ ಲಿನಕ್ಸ್ ಹಾಕುತ್ತಾರೆ, ಆಮೇಲೆ ಹಳೆ ಫೈಲು ತೆಗೆದು ನೋಡಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಾವು ಉಲ್ಟಾ ಮಾಡಿದೆವು. ಮೊದಲು ಅಕ್ಷರ, ಆಮೇಲೆ ಸಾಫ್ಟ್‌ವೇರ್, ಕಟ್ಟಕಡೆಗೆ ಆಪರೇಟಿಂಗ್ ಸಿಸ್ಟಮ್.

ಬದಲಾಯಿಸಿದ್ದಕ್ಕೆ ದೊಡ್ಡ ಸಿದ್ಧಾಂತವೇನೂ ಕಾರಣವಲ್ಲ. ನಮ್ಮ ಕಸುಬು ನಿಂತಿದ್ದೇ ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರ್ ಮೇಲೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರ ಕಂಪನಿ ಇನ್‌ಡಿಸೈನ್ ಅನ್ನುವ ಬೇರೆ ಸಾಫ್ಟ್‌ವೇರ್ ಕಡೆ ಹೋಯಿತು, ನಮ್ಮಂಥ ಅಂಗಡಿಗಳು ಅಲ್ಲೇ ಉಳಿದವು. ಅದನ್ನು ನೆಟ್ಟಗೆ ಓಡಿಸಬೇಕೆಂದರೆ ಹಳೆ ವಿಂಡೋಸ್ ಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಸರಿ, 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಇರಬೇಕು. ನಮ್ಮವು ನಾಲ್ಕನೇ ಪೀಳಿಗೆಯ ಐ3. ಚೆನ್ನಾಗಿ ಕೆಲಸ ಮಾಡುತ್ತಿರುವ ಮಶೀನ್‌ಗಳನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಲೈಸೆನ್ಸ್ ಇಲ್ಲದ ಪ್ರತಿ ಹಾಕಿಕೊಡುವವರು ಊರಲ್ಲಿ ಬೇಕಾದಷ್ಟಿದ್ದಾರೆ ನಿಜ, ಆದರೆ ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಚುಚ್ಚುವ ಅಂಗಡಿಯಲ್ಲಿ ಅಪ್‌ಡೇಟ್ ಇಲ್ಲದ ವಿಂಡೋಸ್ ಇಟ್ಟುಕೊಂಡರೆ ಏನಾಗುತ್ತದೆ ಅಂತ ಈ ಕಸುಬಿನವರಿಗೆ ಹೇಳಬೇಕಾಗಿಲ್ಲ.

ಅಕ್ಷರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತೊಂದರೆ ಇರುವುದೇ ಅಲ್ಲಿ. ಕನ್ನಡ ಟೈಪ್ ಮಾಡುವ ನುಡಿ, ಬರಹ, ಶ್ರೀಲಿಪಿ, ಯಾವುದರದ್ದೇ ಹಳೆ ಫೈಲು ತೆಗೆಯಿರಿ, ಕಂಪ್ಯೂಟರ್ ಲೆಕ್ಕದಲ್ಲಿ ಅದರೊಳಗೆ ಕನ್ನಡವೇ ಇಲ್ಲ. ನುಡಿಯ ಆಸ್ಕಿಯಲ್ಲಿ, ಅಂದರೆ ಅದರ ಹಳೆ ಸಂಕೇತ ಪದ್ಧತಿಯಲ್ಲಿ, ‘ಕನ್ನಡ’ ಅಂತ ಟೈಪ್ ಮಾಡಿದರೆ ಒಳಗೆ ಉಳಿಯುವುದು ಇಂಗ್ಲಿಷಿನ ಒಂದು ಪಿ, ತಲೆ ಮೇಲೆ ಓರೆ ಗೀಟಿರುವ ಒಂದು ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ, ಮತ್ತೆ ಗೀಟಿನ ಎ. ನುಡಿ ಫಾಂಟು ಆ ಪಿ ಜಾಗದಲ್ಲಿ ತಲೆಕಟ್ಟಿಲ್ಲದ ಕ-ಕಾರದ ಚಿತ್ರ, ಗೀಟಿನ ಎ ಜಾಗದಲ್ಲಿ ಬರೀ ತಲೆಕಟ್ಟಿನ ಚಿತ್ರ ಇಟ್ಟಿರುತ್ತದೆ, ಅದಕ್ಕೇ ನಮಗೆ ಕನ್ನಡ ಕಾಣುತ್ತದೆ. ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ, ಬಣ್ಣ ಬಯಲು. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡಕ್ಕೆ ಅಂತಲೇ 128 ಸಂಖ್ಯೆಗಳ ಜಾಗ ಬೇರೆ ಇದೆ, ಫಾಂಟ್ ಯಾವುದಾದರೂ ಕ ಅಂದರೆ ಕ. ಲಿನಕ್ಸ್‌ನ ಸಾಫ್ಟ್‌ವೇರ್‌ಗಳೆಲ್ಲ ಕನ್ನಡ ಅಂದರೆ ಯೂನಿಕೋಡ್ ಅಂತಲೇ ತಿಳಿದುಕೊಂಡಿವೆ.

ಹಾಗಾಗಿ ವಿಂಡೋಸ್‌ನಲ್ಲೇ ಇದ್ದುಕೊಂಡು, ಹೊಸ ಕೆಲಸ ಏನೇ ಬಂದರೂ ಯೂನಿಕೋಡ್‌ನಲ್ಲೇ ಟೈಪ್ ಮಾಡುವುದು ಅಂತ ತೀರ್ಮಾನ ಮಾಡಿದೆವು. ನಮ್ಮ ಆಪರೇಟರ್ ಅಕ್ಕ ಕೀಬೋರ್ಡ್ ನೋಡದೆ ಟೈಪ್ ಮಾಡುವವರು, ಅವರದ್ದು ಒಂದೇ ಚಿಂತೆ. “ಅಣ್ಣ, ಅಕ್ಷರ ಏನಾರ ಮಾಡ್ಕೊಳಿ, ಕೀ ಜಾಗ ಮಾತ್ರ ಬದಲಾಯಿಸ್ಬೇಡಿ. ನಂಗೆ ಕೈ ಓಡಕಿಲ್ಲ.” ಬದಲಾಯಿಸುವ ಅಗತ್ಯವೂ ಬರಲಿಲ್ಲ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಒತ್ತಕ್ಷರಕ್ಕೆ ಎಫ್ ಒತ್ತುತ್ತೇವಲ್ಲ, ಅದೇ. ಲಿನಕ್ಸ್‌ನಲ್ಲೂ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿಕೊಂಡರೆ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಅಂತ ಅದು ಸಿಗುತ್ತದೆ. ಕಗಪ ಅಂತ ಇನ್ನೊಂದು ಲೇಔಟ್ ಕೂಡ ಸಿಸ್ಟಮ್ ಸೆಟ್ಟಿಂಗ್‌ನಲ್ಲೇ ಇದೆ. ಆದರೆ ಅದರಲ್ಲಿ ಗುಣಿತದ ಚಿಹ್ನೆಗೆ ಬೇರೆ ಒತ್ತಬೇಕು, ನುಡಿಯಲ್ಲಿ ಕೈ ಕುದುರಿದವರಿಗೆ ಹಿಡಿಸಲ್ಲ. ಐಬಸ್‌ನದ್ದೇ ತಗೊಳ್ಳಿ.

ಅಭ್ಯಾಸ ಆಗಬೇಕಾದದ್ದು ಕಣ್ಣಿಗೆ ಕಾಣದ ಎರಡು ಅಕ್ಷರ ಮಾತ್ರ. ‘ರಾಜ್‌ಕುಮಾರ್’ ಅಂತ ಬರೆಯಲು ಜ್ ಮತ್ತು ಕ ನಡುವೆ ಒಂದು ಶೂನ್ಯ ಅಗಲದ ಅಕ್ಷರ ಹಾಕಬೇಕು, ಇಲ್ಲದಿದ್ದರೆ ‘ರಾಜ್ಕುಮಾರ್’ ಆಗಿ ಕೂರುತ್ತದೆ. ಹಾಗೇ ರ‍್ಯಾಲಿ. ಇದಕ್ಕೆ ಬೇಕಾದದ್ದು ಅಂಥದ್ದೇ ಎರಡನೆಯ ಅಕ್ಷರ, ಸುಮ್ನೆ ಒತ್ತಿದರೆ ಅರ್ಕಾವತ್ತು ಬಂದು ‘ರ್ಯಾಲಿ’ ಆಗುತ್ತದೆ. ಮಂಡ್ಯದಲ್ಲಿ ಕರಪತ್ರ ಅಚ್ಚು ಮಾಡುವವನಿಗೆ ಈ ಪದ ವಾರಕ್ಕೊಮ್ಮೆಯಾದರೂ ಬಂದೇ ಬರುತ್ತದೆ.

ಹಳೆ ಫೈಲುಗಳಿಗೆ ಕನ್ವರ್ಟರ್ ಇದೆ. ಅರವಿಂದ ವಿ.ಕೆ. ಅವರು ಬರೆದ ಆಸ್ಕಿಯಿಂದ ಯೂನಿಕೋಡ್‌ಗೆ ತರುವ ಪ್ರೋಗ್ರಾಮು ನುಡಿ, ಬರಹ ಎರಡಕ್ಕೂ ಆಗುತ್ತದೆ. ಬರೀ ಕನ್ನಡದ ಲಗ್ನಪತ್ರಿಕೆಗೆ ಅದು ಧಾರಾಳವಾಗಿ ಸಾಕು. ಆಸ್ಕಿಯಲ್ಲಿ ‘ಧರ್ಮ’ದ ಅರ್ಕಾವತ್ತು ಮ ಆದಮೇಲೆ ಇರುತ್ತದೆ, ಯೂನಿಕೋಡ್‌ನಲ್ಲಿ ಅದು ಮ-ಗಿಂತ ಮುಂಚೆ ಬರಬೇಕು. ಇಂಥದ್ದನ್ನೆಲ್ಲ ಅದೇ ಸರಿಮಾಡಿಕೊಳ್ಳುತ್ತದೆ. ಸಿಕ್ಕಿಕೊಂಡಿದ್ದು ಸೊಸೈಟಿ ವರದಿಗಳಲ್ಲಿ. ಅಧ್ಯಕ್ಷರ ಭಾಷಣ ಕನ್ನಡ, ನಡುವೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು, ಮೇವಿನ ಬೀಜದ ತಳಿ ಹೆಸರು, ಈಮೇಲ್, ಎಲ್ಲಾ ಇಂಗ್ಲಿಷಿನಲ್ಲಿ. ಕನ್ವರ್ಟರ್‌ಗೆ ಸಿಗುವುದು ಬರೀ ಅಕ್ಷರದ ಸಾಲು. ಯಾವ ಪಿ ನಿಜವಾದ ಪಿ, ಯಾವ ಪಿ ಕ-ಕಾರ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಐಎಫ್‌ಎಸ್‌ಸಿ ಕೋಡೂ ಕನ್ನಡದ ಕಲಸುಮೇಲೋಗರ ಆಗುತ್ತಿತ್ತು. ಅಂಕಿ ಇನ್ನೊಂದು ತಲೆನೋವು. ‘ನುಡಿ 01 ಇ’ ಅಂದರೆ ಇಂಗ್ಲಿಷ್ ಅಂಕಿ, ‘ನುಡಿ 01 ಕೆ’ ಅಂದರೆ ಕನ್ನಡ ಅಂಕಿ, ಒಳಗಿನ ಸಂಕೇತ ಎರಡಕ್ಕೂ ಒಂದೇ. ಜಮಾ ಖರ್ಚು, ಆಸ್ತಿ ಜವಾಬ್ದಾರಿ ತಖ್ತೆಯ ಅಂಕಿಯಲ್ಲಿ ಎಡವಟ್ಟಾದರೆ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿಯ ಗತಿ ಏನು ಹೇಳಿ!

ಇದಕ್ಕೆ ದಾರಿ ಹುಡುಕಿದ್ದು ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಹಬ್ಬಕ್ಕೆ ಬಂದವನು ಅಂಗಡಿಯಲ್ಲಿ ಕೂತು ನನ್ನ ಗೊಣಗಾಟ ಕೇಳಿ, “ಮಾವ, ಈ ಕನ್ವರ್ಟರ್‌ನ ಸೋರ್ಸ್ ಕೋಡೇ ಗಿಟ್‌ಹಬ್ ವೆಬ್‌ಸೈಟ್‌ನಲ್ಲಿದೆಯಲ್ಲ, ನಮಗೆ ಬೇಕಾದ ಹಾಗೆ ತಿದ್ದಿಕೊಂಡರಾಯ್ತು” ಅಂದ. ಹಳೆ ವರ್ಡ್ ಫೈಲನ್ನು ವರ್ಡ್ ಥರದ್ದೇ ಕೆಲಸ ಮಾಡುವ ಪುಕ್ಕಟೆ ಲಿಬ್ರೆಆಫೀಸ್‌ನಲ್ಲಿ ತೆರೆದು, ಅದರದ್ದೇ ಒಡಿಟಿ ಫೈಲಾಗಿ ಉಳಿಸಿದ. ಆ ಒಡಿಟಿ ನಿಜಕ್ಕೂ ಒಂದು ಜಿಪ್ ಫೈಲು. ಬಿಚ್ಚಿ, ಒಳಗಿದ್ದ ಕಂಟೆಂಟ್ ಅನ್ನುವ ಎಕ್ಸ್‌ಎಂಎಲ್ ಫೈಲನ್ನು ನನ್ನ ಮುಂದೆಯೇ ತೆಗೆದು ತೋರಿಸಿದ. ಪ್ರತಿ ತುಂಡು ಬರಹಕ್ಕೂ ಯಾವ ಫಾಂಟ್ ಅಂತ ಅಲ್ಲೇ ದಾಖಲಾಗಿದೆ. ಇಲ್ಲಿ ನುಡಿ 01 ಇ, ಇಲ್ಲಿ ಟೈಮ್ಸ್ ನ್ಯೂ ರೋಮನ್, ಇಲ್ಲಿ ಮತ್ತೆ ನುಡಿ. ಫಾಂಟ್ ಹೆಸರು ನುಡಿ ಆಗಿದ್ದರೆ ಮಾತ್ರ ಕನ್ವರ್ಟ್ ಮಾಡು, ಕೊನೆಯಲ್ಲಿ ಕೆ ಇದ್ದರೆ ಅಂಕಿಯನ್ನೂ ಕನ್ನಡ ಮಾಡು, ಬೇರೆಯದ್ದನ್ನು ಮುಟ್ಟಬೇಡ. ಇಷ್ಟು ಬರೆದ. ಕೋಷ್ಟಕಗಳು ಇದ್ದ ಹಾಗೇ ಉಳಿದವು, ಐಎಫ್‌ಎಸ್‌ಸಿ ಕೋಡೂ ಉಳಿಯಿತು. ಓಪನ್ ಸೋರ್ಸ್ ಅಂದರೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಮಂಡ್ಯದ ಒಂದು ಅಂಗಡಿಯ ಕೆಲಸಕ್ಕೆ ತಕ್ಕಂತೆ ಪ್ರೋಗ್ರಾಮನ್ನೇ ಬದಲಾಯಿಸಿಕೊಳ್ಳಬಹುದು ಅನ್ನುವುದು ಅವತ್ತು ಕಣ್ಣಿಗೆ ಕಂಡಿತು.

ಒಂದು ಮಾತು, ಹಳೆಯದನ್ನೆಲ್ಲ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಗಿರಾಕಿ ಮತ್ತೆ ಬಂದಾಗ ಅವರ ಫೈಲು ಮಾತ್ರ ಮಾಡಿ. ಸೊಸೈಟಿಗಳು ಹೇಗೂ ವರ್ಷಕ್ಕೊಮ್ಮೆ ಬಂದೇ ಬರುತ್ತವೆ. ಲಗ್ನಪತ್ರಿಕೆಗಳಲ್ಲಿ ಬಹುಪಾಲು ಇನ್ಯಾರಿಗೂ ಬೇಕಾಗಲ್ಲ, ಮದುವೆ ಮುಗಿದಿದೆ, ಮಕ್ಕಳ ನಾಮಕರಣವೂ ಮುಗಿದಿದೆ. ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಪುಟ ಕಟ್ಟುವ ಸ್ಕ್ರೈಬಸ್‌ನ ಹೊಸ ಆವೃತ್ತಿಗಳೂ ತೆರೆಯುತ್ತವೆ. ನುಡಿ ಫಾಂಟ್‌ಗಳನ್ನು ಲಿನಕ್ಸ್‌ನಲ್ಲೂ ಹಾಕಿಟ್ಟಿದ್ದರೆ ಅಕ್ಷರವೂ ಕಾಣುತ್ತದೆ. ಪೆಟ್ಟಿಗೆಗಳು ಅಲ್ಲಿಇಲ್ಲಿ ಜರುಗಿರುತ್ತವೆ, ಆದರೆ ಬರಹ ಕೈಗೆ ಸಿಕ್ಕರೆ ಮಿಕ್ಕಿದ್ದನ್ನು ಮತ್ತೆ ಕಟ್ಟಬಹುದು.

ಇನ್ನು ಸಾಫ್ಟ್‌ವೇರ್. ಲಿಬ್ರೆಆಫೀಸ್, ಡಿಸೈನ್ ಮಾಡುವ ಇಂಕ್‌ಸ್ಕೇಪ್, ಸ್ಕ್ರೈಬಸ್, ಫೋಟೊ ತಿದ್ದುವ ಗಿಂಪ್ ನಾಲ್ಕೂ ವಿಂಡೋಸ್‌ನಲ್ಲೂ ಓಡುತ್ತವೆ. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಇವನ್ನು ವಿಂಡೋಸ್‌ನಲ್ಲೇ ಹಾಕಿಕೊಂಡು ಕೈ ಕುದುರಿಸಿಕೊಂಡರೆ ಮುಂದೆ ಲಿನಕ್ಸ್‌ಗೆ ಹೋದಾಗ ಆಪರೇಟರ್‌ಗೆ ಬದಲಾಗುವುದು ಹಿಂದಿನ ವಾಲ್‌ಪೇಪರ್ ಮಾತ್ರ. ಕಲಿಯಲು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆ, ಕನ್ನಡದಲ್ಲೂ ಪಾಠಗಳಿವೆ, ದುಡ್ಡಿಲ್ಲ.

ಲಿಬ್ರೆಆಫೀಸ್‌ನಲ್ಲಿ ಮೊದಲು ಭಾಷಾ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಜಾಗದಲ್ಲಿ ಕನ್ನಡ ಆರಿಸಿ. ಇಂಗ್ಲಿಷ್‌ಗೊಂದು ಫಾಂಟು, ಕನ್ನಡಕ್ಕೊಂದು ಫಾಂಟು, ಎರಡಕ್ಕೂ ಸೈಜ್ ಬೇರೆ ಬೇರೆ ಕೊಡಬೇಕು. ಇದು ಗೊತ್ತಿಲ್ಲದೆ “14 ಕೊಟ್ಟರೂ ಅಕ್ಷರ ದೊಡ್ಡದಾಗಲ್ಲ” ಅಂತ ಬೈಯುವವರು ತುಂಬಾ ಇದ್ದಾರೆ. ಕಾರ್ಡುಗಳಿಗೆ ಇಂಕ್‌ಸ್ಕೇಪ್ ಸಾಕು. ಕೋರೆಲ್ ಗೊತ್ತಿದ್ದವರಿಗೆ ಬೇಗ ಒಗ್ಗುತ್ತದೆ. ಒಂದೇ ಬಣ್ಣದ ಕೆಲಸ, ಅಂದರೆ ಬಟರ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆದು ಸ್ಕ್ರೀನ್ ಮಾಡುವಂಥದ್ದಾದರೆ ನೇರ ಅಲ್ಲಿಂದಲೇ ಪಿಡಿಎಫ್. ನಾಲ್ಕು ಬಣ್ಣದ ಆಫ್‌ಸೆಟ್‌ಗೆ ಹೋಗುವುದಾದರೆ ಹಾಗಲ್ಲ, ಇಂಕ್‌ಸ್ಕೇಪ್ ಬಣ್ಣ ಲೆಕ್ಕ ಹಾಕುವುದು ಪರದೆಯ ಬಣ್ಣಗಳಾದ ಆರ್‌ಜಿಬಿಯಲ್ಲಿ. ಅಲ್ಲಿ ಮಾಡಿದ್ದನ್ನು ಸ್ಕ್ರೈಬಸ್‌ಗೆ ತಂದು ಅಚ್ಚಿನ ನಾಲ್ಕು ಬಣ್ಣ ಸಿಎಂವೈಕೆ ಕೊಟ್ಟು ಪಿಡಿಎಫ್ ತೆಗೆದರೆ ಪ್ಲೇಟ್ ಮಾಡುವವರಿಂದ ತಕರಾರು ಬರಲ್ಲ. ಸ್ಕ್ರೈಬಸ್ ಮಾತ್ರ 1.6 ಅಥವಾ ಆಮೇಲಿನದ್ದೇ ಇರಲಿ. ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತಿತ್ತು. ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ ಅನ್ನುವ ಮಾತು ಹುಟ್ಟಿದ್ದೇ ಆ ಕಾಲದಲ್ಲಿ. ಅಕ್ಷರ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಸೇರಿದ ಮೇಲೆ ಆ ಕಥೆ ಮುಗಿಯಿತು, 2024ರ ಜನವರಿಯಲ್ಲಿ 1.6 ಬಂತು. ಅದರಲ್ಲಿ ನಾವು ಎಂಬತ್ತು ಪುಟದ ಪುಸ್ತಕವನ್ನೂ ಮಾಡಿದ್ದೇವೆ.

ನಿಜವಾಗಿ ಕಳೆದುಕೊಂಡಿದ್ದು ಫಾಂಟುಗಳನ್ನು. ಶ್ರೀಲಿಪಿಯಲ್ಲಿದ್ದ ಆ ಹೂಬಳ್ಳಿಯಂಥ ಅಲಂಕಾರದ ಅಕ್ಷರಗಳಿಗೆ ಸರಿಸಾಟಿ ಯೂನಿಕೋಡ್‌ನಲ್ಲಿ ಪುಕ್ಕಟೆ ಸಿಗುವುದು ಕಡಿಮೆ. ಸದ್ಯ ನಮ್ಮಲ್ಲಿ ಓಡುತ್ತಿರುವುದು ಹೆಸರು, ತಲೆಬರಹಕ್ಕೆ ಬಲೂ ತಮ್ಮ, ಒಳಗಿನ ಬರಹಕ್ಕೆ ನೋಟೊ ಸೆರಿಫ್ ಅಥವಾ ತಿರೋ ಕನ್ನಡ, ಸ್ವಲ್ಪ ಕೈಬರಹದ ಧಾಟಿ ಬೇಕೆಂದರೆ ಅಕಾಯ ಕನಡಕ. ಎಲ್ಲಾ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಅಂಗಡಿ ಕೆಲಸಕ್ಕೆ ಬಳಸಲು ಯಾರನ್ನೂ ಕೇಳಬೇಕಾಗಿಲ್ಲ. ನೋಟೊದಲ್ಲಿ ಸಾಲಿನ ನಡುವೆ ಜಾಗ ಜಾಸ್ತಿ ಬಿಡುತ್ತದೆ. ಹಾಗೇ ಬಿಟ್ಟರೆ ಹದಿನಾರು ಪುಟದ ವರದಿ ಹದಿನೆಂಟಕ್ಕೆ ಹೋಗುತ್ತದೆ, ಅಚ್ಚಿನ ಹಾಳೆಯ ಫಾರಂ ಲೆಕ್ಕ ತಪ್ಪುತ್ತದೆ. ಸಾಲಿನ ಅಂತರವನ್ನು ಫಿಕ್ಸೆಡ್ ಮಾಡಿ ನೀವೇ ಅಳತೆ ಕೊಡಿ. ತಿಥಿ ಕಾರ್ಡಿನ ಪ್ರೂಫ್ ನೋಡಿದ ಹಿರಿಯರೊಬ್ಬರು, “ಅಕ್ಸರ ದುಂಡಗದೆ, ಚೆನ್ನಾಗದೆ. ಅಪ್ಪನ ಹೆಸ್ರು ಇನ್ನೊಸಿ ದಪ್ಪ ಮಾಡಪ್ಪ” ಅಂದರು. ಫಾಂಟ್ ಯಾವ ಕಾಲದ್ದು ಅಂತ ಗಿರಾಕಿ ಕೇಳುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ್ದೇ ಎಲ್ಲಕ್ಕಿಂತ ಸಪ್ಪೆ ಕೆಲಸ. ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಳೆ ಹಾರ್ಡ್ ಡಿಸ್ಕ್ ತೆಗೆದು ಪಕ್ಕಕ್ಕಿಟ್ಟು ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ 8 ಜಿಬಿ ಮಾಡಿಸಿದೆ. ವೇಗ ಬಂದದ್ದರಲ್ಲಿ ಅರ್ಧ ಪುಣ್ಯ ಆ ಎಸ್‌ಎಸ್‌ಡಿಯದ್ದು, ಪೂರ್ತಿ ಲಿನಕ್ಸ್‌ನದ್ದಲ್ಲ. ಅಳಿಸುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ಪ್ರಿಂಟರ್, ಸ್ಕ್ಯಾನರ್ ಎರಡನ್ನೂ ನೋಡಿ. ನಮ್ಮಲ್ಲಿ ತೊಂದರೆ ಕೊಟ್ಟಿದ್ದು ಪ್ರಿಂಟರ್ ಒಂದೇ. ಅರ್ಧ ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ಇರುವಂಥ ಹಳೆಯ ಪುಟ್ಟ ಲೇಸರ್ ಅದು, ಡ್ರೈವರ್ ಹಾಕಿದರೂ ಮೊದಲ ಪುಟ ಬಂದು ಎರಡನೆಯದಕ್ಕೆ ನಿಂತುಬಿಡುತ್ತಿತ್ತು. ಅದರ ಜೊತೆ ಗುದ್ದಾಡುವುದು ಬಿಟ್ಟು ವಿಂಡೋಸ್ ಮಶೀನ್‌ಗೇ ಸಿಕ್ಕಿಸಿದೆ. ಇನ್ನೊಂದು ಎಚ್‌ಪಿ ಇತ್ತು, ಅದಕ್ಕೆ ಎಚ್‌ಪಿಲಿಪ್ ಅಂತ ಓಪನ್ ಸೋರ್ಸ್ ಡ್ರೈವರ್ ಇದೆ, ಸಲೀಸಾಗಿ ಓಡಿತು. ಹೊಸದು ಕೊಳ್ಳುವವರು ಲಿನಕ್ಸ್‌ಗೆ ಆಗುತ್ತದಾ ಅಂತ ಕೇಳಿಯೇ ಕೊಳ್ಳಿ.

ಉಳಿಸಿಕೊಂಡಿರುವ ಆ ವಿಂಡೋಸ್ ಮಶೀನ್ ಶ್ರೀಲಿಪಿಯ ಹಳೆ ಡಿಸೈನ್‌ಗಳಿಗೆ, ಬೇರೆ ಅಂಗಡಿಯವರು ತರುವ ಕೋರೆಲ್ ಫೈಲುಗಳಿಗೆ. ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಡ್ರಾ ಎರಡೂ ಕೋರೆಲ್ ಫೈಲು ತೆರೆಯುತ್ತವೆ, ಆದರೆ ತುಂಬಾ ನಾಜೂಕಿನ ಕೆಲಸವಿದ್ದರೆ ನೆಚ್ಚಿಕೊಳ್ಳಲು ಆಗಲ್ಲ. ಆ ವಿಂಡೋಸ್ ಮಶೀನ್‌ಗೆ ಇಂಟರ್‌ನೆಟ್ ಕೊಟ್ಟಿಲ್ಲ. ಹೊರಗಿನ ಪೆನ್‌ಡ್ರೈವ್ ಮೊದಲು ಮಿಂಟ್‌ಗೆ ಚುಚ್ಚಿ, ಬೇಕಾದ ಫೈಲಷ್ಟೇ ಅದಕ್ಕೆ ದಾಟಿಸುತ್ತೇವೆ.

ಫಾಂಟ್ ಹೆಸರು ನೋಡಿ ಕನ್ವರ್ಟ್ ಮಾಡುವ ಆ ತಿದ್ದಿದ ಪ್ರೋಗ್ರಾಮು ಬೇಕಾದ ಡಿಟಿಪಿಯವರು ಅಂಗಡಿಗೆ ಬನ್ನಿ, ಕೊಡುತ್ತೇನೆ, ನಿಮ್ಮದೇ ಒಂದು ಹಳೆ ಫೈಲು ತನ್ನಿ, ಕೂತು ನೋಡೋಣ. ಸೆಪ್ಟೆಂಬರ್‌ನಲ್ಲಿ ಮಾತ್ರ ಬೇಡ. ಸೊಸೈಟಿ ವರದಿಗಳ ಕಾಲ, ಕಾಫಿಗೂ ಪುರುಸೊತ್ತಿರಲ್ಲ.