ಕೋಪ ಕೈಮೀರುತ್ತಿದೆಯೇ? ಕೋಲಾರದಲ್ಲೇ ಚಿಕಿತ್ಸಕರನ್ನು ಹುಡುಕುವುದು ಹೀಗೆ

ಬಿಪಿ, ಶುಗರ್ ಎಂದರೆ ನೆಂಟರೆಲ್ಲ ಒಬ್ಬೊಬ್ಬ ಡಾಕ್ಟರ ಹೆಸರು ಹೇಳುತ್ತಾರೆ. ಕೋಪ ಕೈಮೀರುತ್ತಿದೆ ಎಂದರೆ ಮಾತ್ರ ‘ಅವನ ಸ್ವಭಾವವೇ ಅಷ್ಟು’ ಎಂದು ಸುಮ್ಮನಾಗುತ್ತಾರೆ. ತಟ್ಟೆ ಎಸೆದದ್ದು, ಮಗುವಿನ ಮೇಲೆ ಕೈ ಮಾಡಿದ್ದು, ಗಿರಾಕಿಯೊಂದಿಗೆ ಜಗಳವಾಡಿ ವ್ಯಾಪಾರ ಕಳೆದುಕೊಂಡದ್ದು ಎಲ್ಲವೂ ಮುಂಗೋಪದ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದರೆ ಕೋಪವನ್ನು ಹತೋಟಿಗೆ ತರುವುದು ಕಲಿತು ಬರುವ ವಿದ್ಯೆ. ಅದಕ್ಕೆ ನೆರವಾಗುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಬೆಂಗಳೂರಿನ ಬಸ್ಸು ಹತ್ತುವ ಮೊದಲು ಇಲ್ಲಿ ತಟ್ಟಬಹುದಾದ ಬಾಗಿಲುಗಳು ಯಾವುವು ಎಂದು ನೋಡೋಣ.

ಮೊದಲು ಒಂದು ವಾರ ಬರೆದಿಡಿ

ಚಿಕಿತ್ಸಕರ ಮುಂದೆ ಕುಳಿತಾಗ ‘ಸಿಟ್ಟು ಬರುತ್ತದೆ ಸರ್’ ಎಂಬುದಕ್ಕಿಂತ ಹೆಚ್ಚು ಹೇಳಲು ಅನೇಕರಿಗೆ ಬಾಯಿ ಬರುವುದಿಲ್ಲ. ಅದಕ್ಕಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೋಪ ಬಂದ ಹೊತ್ತು, ಎದುರಿಗಿದ್ದವರು, ಆ ಕ್ಷಣ ಮನಸ್ಸಿನಲ್ಲಿ ಓಡಿದ ಮಾತು, ಮೈಯಲ್ಲಿ ಆದದ್ದು, ಕೊನೆಗೆ ನೀವು ಮಾಡಿದ್ದು, ಇಷ್ಟನ್ನು ಬರೆಯಿರಿ. ಟೊಮೆಟೊ ಬೆಳೆಗಾರರೊಬ್ಬರ ಪುಟ ಹೀಗಿರಬಹುದು:

‘ರಾತ್ರಿ ಎಂಟೂವರೆ. ಮಂಡಿಯಲ್ಲಿ ಬಾಕ್ಸಿಗೆ ಸಿಕ್ಕ ಬೆಲೆಯಲ್ಲಿ ಕೊಯ್ದ ಕೂಲಿಯೂ ಗಿಟ್ಟಲಿಲ್ಲ. ಮಧ್ಯಾಹ್ನ ಊಟ ಮಾಡಿರಲಿಲ್ಲ. ಮನೆಗೆ ಬಂದರೆ ಮಗ ಮೊಬೈಲ್ ಹಿಡಿದು ಕುಳಿತಿದ್ದ. ನನ್ನ ಕಷ್ಟ ಇವರಿಗೆ ಯಾರಿಗೂ ಬೇಕಿಲ್ಲ ಅನ್ನಿಸಿತು. ಕಿವಿ ಬಿಸಿಯಾಯಿತು, ದವಡೆ ಬಿಗಿಯಿತು. ಮೊಬೈಲ್ ಕಿತ್ತು ಗೋಡೆಗೆ ಎಸೆದೆ.’

ಇದರಲ್ಲಿ ಮಗನ ಪಾಲೆಷ್ಟು, ಹಸಿವಿನ ಪಾಲೆಷ್ಟು, ಮಂಡಿಯ ಪಾಲೆಷ್ಟು ಎಂಬುದು ಅನುಭವಿ ಚಿಕಿತ್ಸಕರಿಗೆ ಬೇಗ ಕಾಣುತ್ತದೆ. ಕಿವಿ ಬಿಸಿಯಾದದ್ದಕ್ಕೂ ಮೊಬೈಲ್ ಗೋಡೆಗೆ ಬಡಿದದ್ದಕ್ಕೂ ನಡುವೆ ಕೆಲವು ಸೆಕೆಂಡುಗಳಿವೆ. ಚಿಕಿತ್ಸೆಯ ಬಹುಪಾಲು ಕೆಲಸ ನಡೆಯುವುದು ಅಲ್ಲೇ.

ನಿದ್ದೆ, ಕುಡಿತ, ನುಂಗುತ್ತಿರುವ ಮಾತ್ರೆಗಳನ್ನೂ ಬರೆದಿಡಿ. ಖಿನ್ನತೆ ಕೆಲವರಲ್ಲಿ, ಅದರಲ್ಲೂ ಗಂಡಸರಲ್ಲಿ, ಅಳುವಿಗಿಂತ ಹೆಚ್ಚಾಗಿ ಸಿಡಿಮಿಡಿಯಾಗಿ ಹೊರಬರುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ಮಧುಮೇಹಿಗಳಲ್ಲಿ ಸಕ್ಕರೆ ದಿಢೀರನೆ ಇಳಿದರೂ ಕಿರಿಕಿರಿ ಹೆಚ್ಚುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮನೆಯಿಂದ ಹೊರಡಲು ಇನ್ನೂ ಮನಸ್ಸು ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ‘ಸಿಟ್ಟಿಗೆ ನೆರವು ಬೇಕು, ನಮ್ಮ ತಾಲ್ಲೂಕಿನಲ್ಲಿ ಯಾರನ್ನು ಕಾಣಲಿ?’ ಎಂದು ನೇರವಾಗಿ ಕೇಳಿ.

ಕೋಲಾರ ಪಟ್ಟಣಕ್ಕೆ ಹತ್ತಿರದವರು ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವಾಗ ಮನೋವೈದ್ಯರನ್ನು ಕಾಣಬೇಕು ಎಂದರೆ ಸಾಕು. ಕಿಟಕಿಯಲ್ಲಿ ಕಾರಣ ವಿವರಿಸಬೇಕಿಲ್ಲ. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅಲ್ಲಿಯೂ ಮನೋವೈದ್ಯಕೀಯ ವಿಭಾಗವಿದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಕಡೆಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಲಿ. ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ನಿಮ್ಮ ಊರಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿಕೊಂಡೇ ಹೊರಡಿ, ಒಂದು ದಿನದ ಕೂಲಿ ಉಳಿಯುತ್ತದೆ. ಇಲ್ಲಿಯ ವೈದ್ಯರು ಬರೆದುಕೊಟ್ಟರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದು ಇದ್ದೇ ಇದೆ.

ಬೋರ್ಡು ನೋಡಿ ಒಳಗೆ ಹೋಗಬೇಡಿ

ಖಾಸಗಿಯಾಗಿ ಹುಡುಕುವವರು ಎಡವುವುದು ಇಲ್ಲಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತಿನ ಮೂಲಕ ಚಿಕಿತ್ಸೆ ನೀಡುವ ತರಬೇತಿ ಪಡೆದವರು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಆಪ್ತ ಸಮಾಲೋಚಕರಲ್ಲಿ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ದುಡಿದ ಒಳ್ಳೆಯವರಿದ್ದಾರೆ. ಕೆಲವೇ ವಾರಗಳ ತರಬೇತಿಯ ಪ್ರಮಾಣಪತ್ರ ತೂಗುಹಾಕಿ ಕುಳಿತವರೂ ಇದ್ದಾರೆ. ಓದಿದ್ದೇನು, ನೋಂದಣಿ ಸಂಖ್ಯೆ ಎಷ್ಟು, ಕೋಪದ ತೊಂದರೆಗೆ ಮೊದಲು ಚಿಕಿತ್ಸೆ ಕೊಟ್ಟಿದ್ದೀರಾ, ಒಂದು ಭೇಟಿಗೆ ಎಷ್ಟು ಹಣ, ಎಷ್ಟು ನಿಮಿಷ? ಇವನ್ನು ಫೋನಿನಲ್ಲೇ ಕೇಳಿ. ಇಂಥ ಪ್ರಶ್ನೆಗೆ ಸಿಡುಕುವವರ ಬಳಿ ಕೋಪಕ್ಕೆ ಚಿಕಿತ್ಸೆ ಪಡೆಯುವುದು ಬೇಡ.

‘ಒಂದೇ ಭೇಟಿಯಲ್ಲಿ ಗುಣ’ ಎಂದವರನ್ನು ನಂಬಬೇಡಿ. ದಿಂಬಿಗೆ ಗುದ್ದಿ ಕೋಪ ಹೊರಹಾಕಿ ಎಂಬ ಸಲಹೆಯೂ ಹಳೆಯದು. ಹಾಗೆ ಗುದ್ದುವುದರಿಂದ ಕೋಪ ತಣಿಯುವ ಬದಲು ಹೆಚ್ಚುವ ಸಾಧ್ಯತೆಯೇ ಇದೆ ಎಂದು ಸಂಶೋಧನೆಗಳು ತೋರಿಸಿವೆ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ಅಂಗಡಿಯಲ್ಲಿ ಕನ್ನಡ ಮಾತನಾಡಿ, ಮನೆಯಲ್ಲಿ ತೆಲುಗಿನಲ್ಲಿ ಬೈಯುವವರು ಬಹಳ. ಕೆಜಿಎಫ್‌ನಲ್ಲಿ ತಮಿಳು, ಹಲವು ಮನೆಗಳಲ್ಲಿ ಉರ್ದು. ಸಿಟ್ಟಿನಲ್ಲಿ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಹೇಳಲು ಸಾಧ್ಯವಾದರೆ ಚಿಕಿತ್ಸೆ ಸುಲಭ. ಆ ಭಾಷೆ ಬಲ್ಲವರು ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಮೊದಲ ಭೇಟಿ ಮತ್ತು ಆಮೇಲೆ

ಮೊದಲ ದಿನ ಹೆಚ್ಚಾಗಿ ಪ್ರಶ್ನೆಗಳೇ. ಬಾಲ್ಯ, ಮನೆ, ಸಾಲ, ಕುಡಿತ, ತಲೆಗೆ ಪೆಟ್ಟು ಬಿದ್ದದ್ದು ಎಲ್ಲ ಕೇಳುತ್ತಾರೆ. ಕೈ ಮಾಡಿದ್ದರೆ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ವಿವರ ಗೌಪ್ಯ. ಯಾರದಾದರೂ ಪ್ರಾಣಕ್ಕೆ ಅಪಾಯವಿದೆ ಎಂಬಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಕೋಪಕ್ಕೆಂದೇ ಒಂದು ಮಾತ್ರೆ ಇಲ್ಲ. ಅದರ ಹಿಂದೆ ಖಿನ್ನತೆಯೋ ಬೇರೆ ಕಾಯಿಲೆಯೋ ಇದ್ದರೆ ವೈದ್ಯರು ಔಷಧ ಕೊಡುತ್ತಾರೆ. ಅದನ್ನು ನೀವಾಗಿ ನಿಲ್ಲಿಸಬಾರದು. ಉಳಿದದ್ದು ಅಭ್ಯಾಸ: ಮೈಯ ಸೂಚನೆ ಗುರುತಿಸುವುದು, ಉಸಿರು ನಿಧಾನಿಸುವುದು, ‘ಬೇಕೆಂದೇ ಮಾಡಿದ’ ಎಂಬ ಎಣಿಕೆಯನ್ನು ಪ್ರಶ್ನಿಸುವುದು, ಅಲ್ಲಿಂದ ಎದ್ದು ಹೋಗುವುದು. ಎದ್ದು ಹೋಗುವುದಕ್ಕೂ ಕ್ರಮವಿದೆ. ‘ಅರ್ಧ ಗಂಟೆಯಲ್ಲಿ ಬರುತ್ತೇನೆ, ಆಮೇಲೆ ಮಾತನಾಡೋಣ’ ಎಂದು ಹೇಳಿ ಹೋಗಬೇಕು, ಹೇಳಿದಂತೆ ಬರಬೇಕು, ದಾರಿಯಲ್ಲಿ ಬಾರಿನ ಕಡೆ ತಿರುಗಬಾರದು.

ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ನಾಲ್ಕೈದು ಭೇಟಿಯಾದ ಮೇಲೂ ಹೊಂದಾಣಿಕೆ ಆಗದಿದ್ದರೆ ಬೇರೆಯವರನ್ನು ಸೂಚಿಸಿ ಎಂದು ಅವರನ್ನೇ ಕೇಳಬಹುದು. ನಿಮ್ಮ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ.

ಅವರು ಬರಲೊಲ್ಲೆ ಎಂದರೆ

ಗಂಡನನ್ನೋ ತಂದೆಯನ್ನೋ ಎಳೆದುಕೊಂಡು ಹೋಗಲಾಗದು. ಜಗಳದ ನಡುವೆ ‘ನಿನಗೆ ಡಾಕ್ಟರು ಬೇಕು’ ಎಂದರೆ ಬೈಗುಳದಂತೆಯೇ ಕೇಳಿಸುತ್ತದೆ. ಮನೆ ತಣ್ಣಗಿರುವ ಬೆಳಗ್ಗೆ, ‘ನಿನ್ನೆ ಮಗು ಹೆದರಿ ಮೂಲೆ ಸೇರಿತ್ತು, ಒಮ್ಮೆ ಹೋಗಿ ಬರೋಣ, ನಾನೂ ಬರುತ್ತೇನೆ’ ಎಂದು ನೋಡಿ. ಆಗಲೂ ಒಪ್ಪದಿದ್ದರೆ ನೀವೇ 14416ಕ್ಕೆ ಕರೆ ಮಾಡಿ ಹೇಗೆ ಮುಂದುವರಿಯಬೇಕು ಎಂದು ಕೇಳಬಹುದು.

ಹೊಡೆತವಿರುವ ಮನೆಯ ವಿಚಾರವೇ ಬೇರೆ. ಅಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾಡುವ ಸಮಾಲೋಚನೆಗೆ ಒಪ್ಪಬೇಡಿ. ಅಲ್ಲಿ ಹೇಳಿದ ನಿಜಕ್ಕೆ ಆಕೆ ಮನೆಯಲ್ಲಿ ಪೆಟ್ಟು ತಿನ್ನಬೇಕಾದೀತು. ಇಬ್ಬರನ್ನೂ ಪ್ರತ್ಯೇಕವಾಗಿ ಕಾಣುವಂತೆ ಕೇಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಹೊಡೆದವರು ಚಿಕಿತ್ಸೆಗೆ ಹೋಗುತ್ತಿದ್ದಾರೆ ಎಂಬ ಕಾರಣಕ್ಕೆ ಆ ದೂರನ್ನು ತಡೆಹಿಡಿಯಬೇಕಿಲ್ಲ.