ಬೆಳಿಗ್ಗೆ ಓಡುವ ಮಗು ಸಂಜೆಗೆ ಕಾಲೆಳೆಯುತ್ತಿದ್ದರೆ ಎರಡು ವಿಡಿಯೋ ಮಾಡಿ

ಜಮಖಂಡಿಯಲ್ಲಿರುವ ನಮ್ಮ ಅಕ್ಕನ ಮಗಳಿಗೆ ಆಗ ಆರು ವರ್ಷ. ಬೆಳಿಗ್ಗೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಎಡಪಾದ ಒಳಕ್ಕೆ ತಿರುಗಿ, ಹಿಮ್ಮಡಿ ನೆಲಕ್ಕೆ ತಾಗದೆ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. "ಕೂಸು ದಣದೈತಿ ಬಿಡ್ರಿ" ಅಂತ ನಮ್ಮವ್ವ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಒಂದು ಆಸ್ಪತ್ರೆಯಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಹಾನಿಯಾಗಿ ಕೈಕಾಲು ಹಿಡಿತ ತಪ್ಪುವ ತೊಂದರೆ ಅಂದರು. ಎರಡು ವರ್ಷ ಹಾಗೇ ಹೋಯ್ತು.

ತೊಂದರೆ ಏನಂದ್ರೆ, ಡಾಕ್ಟರ ಹತ್ತಿರ ನಾವು ಹೋಗುವುದೇ ಬೆಳಿಗ್ಗೆ. ಆಗ ಮಗು ಚೆನ್ನಾಗಿಯೇ ನಡೆಯುತ್ತದೆ! ಹಾಗಾಗಿ ಮೊದಲು ವಿಡಿಯೋ ಮಾಡಿ. ಎದ್ದ ಅರ್ಧ ಗಂಟೆಯೊಳಗೆ ಒಂದು, ಸಂಜೆ ಆರರ ಮೇಲೆ ಇನ್ನೊಂದು. ಜಾಗ ಅದೇ ಇರಲಿ, ಕಾಲು ಬರಿಗಾಲಿರಲಿ, ಪಾದದಿಂದ ತಲೆವರೆಗೆ ಪೂರ್ತಿ ಕಾಣಲಿ, ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ಬರಲಿ. ಮಧ್ಯಾಹ್ನ ಮಲಗಿ ಎದ್ದ ಮೇಲೆ ಸುಧಾರಿಸಿದರೆ ಅದನ್ನೂ ತೆಗೆಯಿರಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಬೆಳಗಾವಿಯಲ್ಲಿ ನರರೋಗ ತಜ್ಞರು ನಮ್ಮ ಸಂಜೆಯ ವಿಡಿಯೋ ನೋಡಿದ ಮೇಲೆಯೇ ದಾರಿ ಸಿಕ್ಕಿತು.

ಈ ಕಾಯಿಲೆಗೆ ಡೋಪಾ ರೆಸ್ಪಾನ್ಸಿವ್ ಡಿಸ್ಟೋನಿಯಾ ಅಂತಾರೆ, ಅಂದರೆ ಕೈಕಾಲು ತಾವಾಗಿಯೇ ಸೆಟೆದು ತಿರುಚುವ, ಆದರೆ ಲೆವೊಡೋಪಾ ಅನ್ನೋ ಔಷಧಿಗೆ ಸುಧಾರಿಸುವ ತೊಂದರೆ. ಜಪಾನಿನ ಡಾಕ್ಟರ್ ಸೆಗಾವಾ ಹೆಸರಲ್ಲೂ ಕರೆಯುತ್ತಾರೆ. ನಾವು ತಿನ್ನುವ ಬೇಳೆ, ಹಾಲು, ಶೇಂಗಾದಲ್ಲಿ ಟೈರೋಸಿನ್ ಅನ್ನೋ ಪ್ರೋಟೀನಿನ ಅಂಶ ಇರುತ್ತದೆ. ಮೆದುಳು ಅದನ್ನು ಮೊದಲು ಲೆವೊಡೋಪಾ ಮಾಡಿ, ಆಮೇಲೆ ಡೋಪಮಿನ್ ಮಾಡಿಕೊಳ್ಳುತ್ತದೆ. ಕೈಕಾಲು ಹದವಾಗಿ ಆಡಲು ಸಂದೇಶ ಒಯ್ಯುವುದು ಈ ಡೋಪಮಿನ್ನೇ. ಮೊದಲ ಹಂತಕ್ಕೆ ಬಿಎಚ್4 ಅನ್ನೋ ಸಹಾಯಕ ಬೇಕು. ಅದನ್ನು ತಯಾರಿಸಲು ಬೇಕಾದ ಜಿಸಿಎಚ್1 ಜೀನ್ ಕೆಟ್ಟರೆ ಅದು ಸಾಲದಾಗುತ್ತದೆ. ಈ ಜೀನಿನ ನಂಟು ಗೊತ್ತಾಗಿದ್ದು 1994ರಲ್ಲಿ. ಆಗ ಡೋಪಮಿನ್ ಕಥೆ ಕಡಿಮೆ ನೀರಿನ ಬೋರ್ ಇದ್ದಂತೆ: ರಾತ್ರಿಯೆಲ್ಲ ಟಾಕಿ ತುಂಬುತ್ತದೆ, ಸಂಜೆಗೆ ಖಾಲಿ. ಶೇಂಗಾ ಜಾಸ್ತಿ ತಿನ್ನಿಸಿದರೆ ಸರಿಹೋಗಲ್ಲ, ಕೆಲಸ ನಿಂತಿರುವುದು ಟೈರೋಸಿನ್ ಅನ್ನು ಲೆವೊಡೋಪಾ ಮಾಡುವ ಹಂತದಲ್ಲಿ. ಲೆವೊಡೋಪಾ ಮಾತ್ರೆ ಕೊಟ್ಟರೆ ಆ ಹಂತವನ್ನೇ ದಾಟಿದಂತೆ. ಸಣ್ಣ ಪ್ರಮಾಣವೇ ಸಾಕಾಗುವುದು ಹೆಚ್ಚು, ಕೆಲವು ದಿನ, ವಾರಗಳಲ್ಲೇ ಫರಕು ಕಾಣುತ್ತದೆ.

ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ, ಅಷ್ಟಕ್ಕೇ ಸುಮ್ನೆ ಮನೆಗೆ ಬರಬೇಡಿ. "ಲೆವೊಡೋಪಾ ಕೊಟ್ಟು ನೋಡಬಹುದಾ, ಜೀನ್ ಪರೀಕ್ಷೆ ಮಾಡಿಸೋಣವಾ" ಅಂತ ನೇರವಾಗಿ ಕೇಳಿ. ಮಾತ್ರೆಯನ್ನು ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ, ಪ್ರಮಾಣ ಹೆಚ್ಚಾದರೆ ಕೈಕಾಲು ತಾವಾಗಿಯೇ ಕುಣಿಯತೊಡಗುತ್ತವೆ. ಶುರುವಿನಲ್ಲಿ ವಾಕರಿಕೆ ಬರಬಹುದು, ಹಾಗಂತ ಏಕಾಏಕಿ ನಿಲ್ಲಿಸಲೂಬಾರದು. ಹಾಲು, ಬೇಳೆ ಜೊತೆಗೇ ಕೊಟ್ಟರೆ ಕೆಲವರಲ್ಲಿ ಮಾತ್ರೆ ಸರಿಯಾಗಿ ಹಿಡಿಯಲ್ಲ, ಊಟಕ್ಕೂ ಮಾತ್ರೆಗೂ ಎಷ್ಟು ಅಂತರ ಇರಬೇಕು ಅಂತ ಕೇಳಿಕೊಳ್ಳಿ.

ಹೋಗುವ ಮುಂಚೆ ಮನೆತನದ ಮೂರು ತಲೆಮಾರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಇದೆ ಅಲ್ವಾ, ಅದನ್ನು ಮುಚ್ಚಿಡಬೇಡಿ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಣುವ, ಇದೇ ಥರದ ಬೇರೆ ಕಾಯಿಲೆಗಳೂ ಇವೆ. ಜಿಸಿಎಚ್1ಕ್ಕೆ ಮಾತ್ರ ಹೆಚ್ಚಾಗಿ ಒಬ್ಬರಿಂದ ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಬಂದವರೆಲ್ಲರಿಗೂ ಲಕ್ಷಣ ಕಾಣಲೇಬೇಕೆಂದಿಲ್ಲ. ದೊಡ್ಡವರಲ್ಲಿ ಬರೆಯುವಾಗ ಕೈ ಸೆಟೆಯುವುದು, ಕೈ ನಡುಕ ಇಷ್ಟೇ ಇರಬಹುದು, ಅದನ್ನೂ ಬರೆಯಿರಿ. ನಮ್ಮಕ್ಕನಿಗೆ ಸಂಜೆ ರೊಟ್ಟಿ ಬಡಿಯುವಾಗ ಬಲಗೈ ಸೆಟೆದುಕೊಳ್ಳುತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.