ಮಳೆಗಾಲದಲ್ಲಿ ಸಾವಿರ ಕಿಲೋಮೀಟರ್: ಮೊದಲು ಪಾದ ಒಣಗಲಿ

ಜೂನ್ 1ರಿಂದ ಸೆಪ್ಟೆಂಬರ್ 30ರೊಳಗೆ ಸಾವಿರ ಕಿಲೋಮೀಟರ್ ನಡೆಯುತ್ತೇವೆಂದು ಪಣ ತೊಟ್ಟು ಹೊರಡುವ ಗೆಳೆಯರ ಗುಂಪುಗಳನ್ನು ಶಿವಮೊಗ್ಗ, ತೀರ್ಥಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಆರಿದ್ರ ಮಳೆ ಹಿಡಿಯುವವರೆಗೆ ಎಲ್ಲರೂ ಇರುತ್ತಾರೆ. ಪುನರ್ವಸು ಮುಗಿಯುವಷ್ಟರಲ್ಲಿ ಹಲವರು ಮನೆ ಸೇರಿರುತ್ತಾರೆ. ಕೇಳಿದರೆ ಮಳೆಯನ್ನು ದೂರುತ್ತಾರೆ. ಆದರೆ ಅವರ ಕಾಲ್ಬೆರಳ ಸಂದಿಗಳನ್ನು ನೋಡಿದರೆ ನಿಜವಾದ ಕಾರಣ ತಿಳಿಯುತ್ತದೆ: ಚರ್ಮ ಬೆಳ್ಳಗೆ ನೆನೆದು, ಬಿರಿದು, ಹೆಜ್ಜೆ ಊರಿದರೆ ಉರಿಯುವಂತಾಗಿರುತ್ತದೆ. ಗದ್ದೆ ನೆಟ್ಟಿ ಮಾಡುವವರು ಕೆಸರುಹುಣ್ಣು ಎನ್ನುವುದು ಇದನ್ನೇ.

ಮೊದಲ ಹಂತ ಲೆಕ್ಕದ್ದು. ಈ ಅವಧಿಯಲ್ಲಿ 122 ದಿನಗಳಿವೆ, ದಿನಕ್ಕೆ 8.2 ಕಿ.ಮೀ. ಬೀಳುತ್ತದೆ. ಹೊರಗೆ ಕಾಲಿಡಲಾಗದ 12 ದಿನಗಳನ್ನು ಮಳೆಗೆ ಮೊದಲೇ ಬಿಟ್ಟುಕೊಟ್ಟರೆ ಉಳಿದ 110 ದಿನಗಳಿಗೆ 9.1 ಕಿ.ಮೀ. ಆಗುತ್ತದೆ, ಈ ಎರಡನೆಯ ಲೆಕ್ಕವನ್ನೇ ಹಿಡಿಯಿರಿ. ತಪ್ಪಿದ ದಿನದ ಬಾಕಿಯನ್ನು ಮರುದಿನವೇ ತೀರಿಸಲು 18 ಕಿ.ಮೀ. ನಡೆಯಬೇಡಿ, ದಿನಕ್ಕೊಂದು ಕಿಲೋಮೀಟರಿನಂತೆ ಹಂಚಿಕೊಳ್ಳಿ.

ಎರಡನೆಯದು ಮಳೆಯ ರಕ್ಷಣೆ. ಅಗಲವಾದ ಬಟ್ಟೆಯ ಕೊಡೆ ಸಾಕು. ದುಬಾರಿ ರೈನ್‌ಕೋಟ್ ತೊಟ್ಟು ಏರು ಹತ್ತಿದವರು ಒಳಗಿನ ಬೆವರಿನಲ್ಲೇ ತೊಯ್ದುಹೋಗುತ್ತಾರೆ. ನಮ್ಮ ಹೆಂಗಸರು ಸಸಿ ನೆಡುವಾಗ ಹೊದ್ದುಕೊಳ್ಳುತ್ತಿದ್ದ ಗೊರಬು ಬೆನ್ನನ್ನು ಕಾಯುವುದರ ಜೊತೆಗೆ ಕೆಳಗಿನಿಂದ ಗಾಳಿಯಾಡಲೂ ಬಿಡುತ್ತಿತ್ತು ಎಂಬುದನ್ನು ರೈನ್‌ಕೋಟ್ ಕೊಳ್ಳುವ ಮೊದಲು ನೆನೆಯಬೇಕು.

ಮೂರನೆಯದು ಪಾದ. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ವಿವರವಾಗಿ ಹೇಳುತ್ತೇನೆ. ನೀರು ಒಳಬರದು ಎಂದು ಮಾರುವ ಬೂಟುಗಳನ್ನು ಆಗುಂಬೆ, ಹೊಸನಗರದ ಕಡೆಯ ಮಳೆಗೆ ಕೊಳ್ಳಬೇಡಿ. ನೀರು ಮೇಲಿನಿಂದ, ಕಾಲಿನಗುಂಟ ಇಳಿದು ಒಳಸೇರುತ್ತದೆ. ಸೇರಿದ ಮೇಲೆ ಹೊರಹೋಗಲು ದಾರಿಯಿಲ್ಲದೆ ಪಾದ ಎರಡು ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಯುತ್ತದೆ. ನೀರು ಸಲೀಸಾಗಿ ಸೋರಿಹೋಗುವ, ಜಾಲರಿ ಬಟ್ಟೆಯ ಹಗುರ ಶೂಗಳೇ ಒಳ್ಳೆಯವು, ಅದೂ ಎರಡು ಜೊತೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಪಾಚಿಗಟ್ಟಿದ ಜಂಬಿಟ್ಟಿಗೆ ಮೆಟ್ಟಿಲಿನ ಮೇಲೆ ಅದು ಸೋಪಿನಂತೆ ಜಾರುತ್ತದೆ.

ಹೊರಡುವ ಮುನ್ನ ಬೆರಳ ಸಂದಿ, ಹಿಮ್ಮಡಿಗಳಿಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿ. ಹತ್ತಿಯ ಕಾಲುಚೀಲ ನೀರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುವುದರಿಂದ ಉಣ್ಣೆಯ ಅಥವಾ ಪಾಲಿಯೆಸ್ಟರಿನದನ್ನು ಹಾಕಿ. ಒಣಗಿದ ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಅರ್ಧದಾರಿಯ ಬಸ್ ತಂಗುದಾಣದಲ್ಲಿ ಕುಳಿತು ಬದಲಾಯಿಸಿ. ಮನೆಗೆ ಬಂದೊಡನೆ, ಕಾಫಿಗೂ ಮೊದಲು, ಕಾಲನ್ನು ಸೋಪಿನಿಂದ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒಂದೊಂದೇ ಬೆರಳನ್ನು ಅಗಲಿಸಿ ಒರೆಸಿ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಹೆಚ್ಚು ಹೊತ್ತು ಒರೆಸಬೇಕು, ಏಕೆಂದರೆ ಬಿರಿಯುವುದು ಸಾಮಾನ್ಯವಾಗಿ ಅಲ್ಲಿಂದಲೇ. ಆಮೇಲೆ ಅರ್ಧ ಗಂಟೆ ಬರಿಗಾಲು ಚಾಚಿ ಕುಳಿತುಕೊಳ್ಳಿ. ಪರಿಮಳದ ಟಾಲ್ಕಂ ಪೌಡರ್ ತೇವಕ್ಕೆ ಹಿಟ್ಟಿನಂತೆ ಮುದ್ದೆಗಟ್ಟಿ ಉಜ್ಜುವುದರಿಂದ ಅದನ್ನು ಬಿಟ್ಟು, ತುರಿಕೆಯಿದ್ದರೆ ಔಷಧಿ ಅಂಗಡಿಯ ಶಿಲೀಂಧ್ರನಾಶಕ ಪುಡಿಯನ್ನು ಬಳಸಿ. ಸಕ್ಕರೆ ಕಾಯಿಲೆಯವರು ಚಿಕ್ಕ ಬಿರುಕು ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಬಿರುಕುಬಿಟ್ಟ ಕಾಲಿನಲ್ಲಿ ನಿಂತ ನೀರು ತುಳಿದರೆ ಇಲಿಜ್ವರ ತಗಲುವ ಅಪಾಯ ಎಲ್ಲರಿಗೂ ಇದೆ. ಹಾಗೆ ತುಳಿದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ನಡಿಗೆಯ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ.

ಶೂ ಒಣಗಿಸಲು ಈ ಪತ್ರಿಕೆಯೇ ಸಾಕು. ಹಾಳೆಗಳನ್ನು ಮುದುಡಿ ತುದಿಯವರೆಗೂ ತುರುಕಿ, ಗಂಟೆಯ ನಂತರ ತೆಗೆದು ಹೊಸದನ್ನು ತುಂಬಿ, ರಾತ್ರಿ ಬಚ್ಚಲ ಹಂಡೆಯ ಒಲೆಯಿಂದ ಎರಡು ಮಾರು ದೂರದಲ್ಲಿ ಇಡಿ. ಅವಸರಕ್ಕೆ ಒಲೆಯ ಬಾಯಿಗೇ ಇಟ್ಟರೆ ಅಂಟು ಕರಗಿ ಅಡಿ ಕಿತ್ತುಬರುತ್ತದೆ. ನನ್ನ ಒಂದು ಜೊತೆ ಹಾಗೆಯೇ ಹೋಯಿತು.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಬೇಕಾಗಿಲ್ಲ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದ್ದರೆ ಎಳೆಯದೆ, ಉಪ್ಪು ಸುರಿಯದೆ, ಸಣ್ಣ ತುದಿಯ ಪಕ್ಕದಿಂದ ಉಗುರನ್ನು ಚರ್ಮಕ್ಕೆ ತಾಗಿಸಿ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ಬಟ್ಟೆಯಿಂದ ಒತ್ತಿ ಹಿಡಿಯಬೇಕಾಗುತ್ತದೆ.

ರೆಡ್ ಅಲರ್ಟ್ ಇದ್ದ ದಿನ ಹೊರಡಲೇಬೇಡಿ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ಮೀರಿ ಸುರಿಯಬಹುದೆಂದು ಹೇಳುವ ಅಂತಹ ದಿನಗಳಲ್ಲಿ ಗಾಳಿಗೆ ಅಕೇಶಿಯಾ ಕೊಂಬೆಗಳು ಮುರಿದು, ವಿದ್ಯುತ್ ತಂತಿಗಳು ರಸ್ತೆಗೆ ಬಿದ್ದಿರುತ್ತವೆ. ಆ ದಿನಕ್ಕೆ ಜಗುಲಿಯಿದೆ. ಹತ್ತು ಮೀಟರ್ ಉದ್ದದ ಜಗುಲಿಯಲ್ಲಿ ಐವತ್ತು ಸಲ ಹೋಗಿ ಬಂದರೆ ಒಂದು ಕಿಲೋಮೀಟರ್. ಆದರೆ ಪ್ರತಿ ತುದಿಯಲ್ಲೂ ಒಂದೇ ಕಡೆಗೆ ತಿರುಗುತ್ತಿದ್ದರೆ ಮಂಡಿ ನೋಯುವುದರಿಂದ ಒಂದು ತುದಿಯಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ತಿರುಗಿ, ಮೂರು ಕಿಲೋಮೀಟರಿಗೆ ನಿಲ್ಲಿಸಿ.